ಬಾಗಿಲ ಬಳಿಯ ಮಣೆ

ಹೊರಗಿನವರು ನಮ್ಮ ಊರಿನ ಬಗ್ಗೆ ಮಾತಾಡುವಾಗ ಮೊದಲು ನಗುತ್ತಾರೆ, ಆಮೇಲೆ ಸಲಹೆ ಕೊಡುತ್ತಾರೆ. ನಗುವನ್ನು ಹೇಗೋ ಸಹಿಸಬಹುದು. ಸಲಹೆ ಕೇಳಿದರೆ ನನಗೆ ಮೈ ಉರಿಯುತ್ತದೆ. ಬಲಗಾಲಿಗೆ ದಾರ ಕಟ್ಟಿಕೊಳ್ಳಿ, ಜೊತೆಗೆ ಯಾರನ್ನಾದರೂ ಕರೆದುಕೊಂಡು ಹೋಗಿ, ಸೈಕಲ್ ಬಳಸಿ ಎನ್ನುತ್ತಾರೆ. ಇದನ್ನೆಲ್ಲ ನಾವು ಯೋಚಿಸಿಯೇ ಇಲ್ಲ ಎಂದುಕೊಂಡಿದ್ದಾರೆ. ಸೈಕಲ್ ಮೇಲೆ ಹೋದವರಿಗೂ ಹಾದಿ ತಿರುಗುತ್ತದೆ. ಆಗ ಅವರ ಜೊತೆಗೆ ಸೈಕಲ್ಲನ್ನೂ ಒಳಗೆ ತಂದು ಗೋಡೆಗೆ ಒರಗಿಸಬೇಕಾಗುತ್ತದೆ, ಅಷ್ಟೇ ವ್ಯತ್ಯಾಸ.

ಹಾದಿ ತಿರುಗುವುದು ಎನ್ನುವುದು ನಮ್ಮ ಊರಿನ ಮಾತು. ತಲೆಯ ಮೇಲೆ ರಾಗಿ ಹೊತ್ತು ಹಿಟ್ಟಿನ ಗಿರಣಿಗೆಂದು ಹೊರಟವರು ಸಾಮಾನ್ಯವಾಗಿ ಗಿರಣಿಗೇ ಹೋಗುತ್ತಾರೆ. ಯಾವುದೋ ಒಂದು ದಿನ ಮಾತ್ರ ನಡುವೆ ಎಲ್ಲೋ ಕಾಲು ಹೊರಳುತ್ತದೆ. ಬುದ್ಧಿ ನೆಟ್ಟಗಿರುತ್ತದೆ, ಕಣ್ಣು ಕಾಣುತ್ತಿರುತ್ತದೆ, ದಾರಿಯೂ ಗೊತ್ತಿರುತ್ತದೆ. ಆದರೂ ಕಾಲು ಇನ್ಯಾರದೋ ಬಾಗಿಲ ಮುಂದೆ ಹೋಗಿ ನಿಲ್ಲುತ್ತದೆ. ಯಾರಿಗೆ, ಯಾವಾಗ, ಯಾರ ಬಾಗಿಲಿಗೆ ಎಂದು ಹೇಳಲಾಗದು. ಆದ್ದರಿಂದ ನಮ್ಮಲ್ಲಿ ಯಾರೂ ನಾಳೆ ಬಂದೇ ಬರುತ್ತೇನೆ ಎಂದು ಮಾತು ಕೊಡುವುದಿಲ್ಲ. ಕಾಲು ತಂದರೆ ಬರುತ್ತೇನೆ ಎನ್ನುತ್ತಾರೆ. ಮದುವೆಯ ಮುಹೂರ್ತವನ್ನೂ ಸ್ವಲ್ಪ ಸಡಿಲವಾಗಿಯೇ ಇಡುತ್ತಾರೆ. ಮದುಮಗನೇ ದಿಬ್ಬಣದಿಂದ ಹೊರಳಿ ಯಾರದೋ ಪಡಸಾಲೆಯಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದದ್ದುಂಟು. ಹೊರಗಿನಿಂದ ಬಂದು ನೆಲೆಸಿದವರಿಗೂ ಒಂದಷ್ಟು ಕಾಲ ಕಳೆದರೆ ಇದು ಹತ್ತುತ್ತದೆ.

ಅದಕ್ಕಾಗಿಯೇ ಪ್ರತಿ ಮನೆಯ, ಪ್ರತಿ ಅಂಗಡಿಯ ಬಾಗಿಲ ಒಳಗೆ ಒಂದು ಮಣೆ ಇರುತ್ತದೆ. ಹಾದಿ ತಿರುಗಿ ಬಂದವರನ್ನು ಅದರ ಮೇಲೆ ಕೂರಿಸಿ, ಒಂದು ಲೋಟ ನೀರು ಕೊಟ್ಟು, ಕೈಗೊಂದು ಕೆಲಸ ಕೊಡಬೇಕು. ಸುಮ್ಮನೆ ಕೂತರೆ ಅವರಿಗೂ ಮುಜುಗರ, ನಮಗೂ ಮುಜುಗರ. ಅಕ್ಕಿ ಆರಿಸುವ ಮನೆಯಲ್ಲಿ ಅಕ್ಕಿ, ಹೂ ಕಟ್ಟುವ ಮನೆಯಲ್ಲಿ ಹೂ, ಮಗು ಇರುವ ಮನೆಯಲ್ಲಿ ಮಗು. ಸ್ವಲ್ಪ ಹೊತ್ತಿಗೆ ಕಾಲು ತಾನಾಗಿ ಸರಿಹೋಗುತ್ತದೆ, ಅವರು ಎದ್ದು ಹೋಗುತ್ತಾರೆ. ಮಣೆಯ ಮೇಲೆ ಕೂತವರನ್ನು ಏನನ್ನೂ ಕೇಳಬಾರದು. ಯಾಕೆ ಬಂದಿರಿ ಎಂದು ಕೇಳುವುದಂತೂ ಮುಖಕ್ಕೆ ಉಗಿದಷ್ಟೇ ಅವಮಾನ. ಹಳೆಯ ಜಗಳ ಎತ್ತಬಾರದು, ಅವರಿಂದ ನಮಗೆ ಆಗಬೇಕಾದ ಕೆಲಸವನ್ನು ನೆನಪಿಸಬಾರದು. ಅವರು ಹೋದ ಮೇಲೆ, ಯಾರು ಬಂದಿದ್ದರೆಂದು ಇನ್ನೊಬ್ಬರ ಮುಂದೆ ಬಾಯಿ ಬಿಡಬಾರದು. ಹೊರಡುವಾಗ ಮನೆಯವರು "ಬಾಗಿಲು ತೆಗ್ದೇ ಇರ್ತದೆ" ಎನ್ನಬೇಕು. ಇಷ್ಟೇ ನಮ್ಮ ಕಟ್ಟಳೆ.

ನಾನು ಓಬಳೇಶ, ಬೋರ್ಡು ಬರೆಯುವವನು. ಮನೆಯ ಮುಂಭಾಗವೇ ನನ್ನ ಅಂಗಡಿ. ಅಲ್ಲಿ ಮಣೆಗೆ ಬಂದವರಿಗೆ ಸಿಗುವ ಕೆಲಸ ಉಪ್ಪುಕಾಗದ ಹಿಡಿದು ಹಳೆಯ ಬೋರ್ಡುಗಳ ಬಣ್ಣ ಉಜ್ಜಿ ತೆಗೆಯುವುದು. ಊರಿನ ಎಂತೆಂಥ ಗಣ್ಯರು ನನ್ನ ಅಂಗಡಿಯಲ್ಲಿ ಕೂತು ಯಾರ್ಯಾರ ಹೆಸರು ಉಜ್ಜಿದ್ದಾರೆಂದು ಹೇಳುವಂತಿಲ್ಲ. ಹೇಳಿದರೂ ನೀವು ನಂಬುವುದಿಲ್ಲ. ಜೊತೆಯಲ್ಲಿ ನನ್ನ ತಂಗಿ ಹಾಲಮ್ಮ ಇದ್ದಾಳೆ. ಅವಳನ್ನು ನೋಡಲು ಒಮ್ಮೆ ಗಂಡಿನ ಕಡೆಯವರು ಕಾಲು ತಂದರೆ ಬರುತ್ತೇವೆ ಎಂದಿದ್ದರು. ಅವರು ಬರಲಿಲ್ಲ, ಇವಳು ಕಾಯಲೂ ಇಲ್ಲ. ಪುರಸಭೆಯಲ್ಲಿ ನೀರುಗಂಟಿಯ ಕೆಲಸ ಹಿಡಿದಳು. ತನ್ನಷ್ಟೇ ಎತ್ತರದ ಕಬ್ಬಿಣದ ಕೀಲಿಯನ್ನು ಹೆಗಲಿಗೇರಿಸಿ ಬೆಳಿಗ್ಗೆ ಬೀದಿಬೀದಿ ತಿರುಗಿ, ವಾಲ್ವು ಬಿಚ್ಚಿ ನೀರು ಬಿಡುವುದು, ಮತ್ತೆ ಬಂದು ಮುಚ್ಚುವುದು. ಆ ಕೀಲಿ ಹೊತ್ತು ನಡೆಯುವಾಗ ಅವಳ ನಡಿಗೆಯೇ ಬೇರೆ. ಮನೆಯಲ್ಲಿ ಎರಡು ಮಾತಾಡದವಳು ಬೀದಿಯಲ್ಲಿ ಎಲ್ಲರ ಕ್ಷೇಮ ವಿಚಾರಿಸುತ್ತಿದ್ದಳು. ಅವಳಿಗೂ ಒಮ್ಮೊಮ್ಮೆ ಹಾದಿ ತಿರುಗುತ್ತಿತ್ತು. ಅಂಥ ದಿನ ಒಂದು ಬೀದಿಗೆ ನೀರು ತಡವಾಗುತ್ತಿತ್ತು. ಜನ ಹಂಡೆಯಲ್ಲಿ ನೀರು ಉಳಿಸಿಕೊಂಡಿರುತ್ತಿದ್ದರು, ಇಲ್ಲದವರು ಪಕ್ಕದ ಮನೆಯಿಂದ ತರುತ್ತಿದ್ದರು. ಯಾರೂ ಗೊಣಗಿದ್ದನ್ನು ನಾನು ಕೇಳಿಲ್ಲ.

ಹೀಗಿರುವಾಗ ಪುರಸಭೆಗೆ ಹೊಸ ಮುಖ್ಯಾಧಿಕಾರಿಗಳು ಬಂದರು. ಅವರ ಹೆಸರನ್ನು ನಾನು ಹೇಳುವುದಿಲ್ಲ, ಕಾರಣ ಮುಂದೆ ಗೊತ್ತಾಗುತ್ತದೆ, ಸಾಹೇಬರು ಎನ್ನೋಣ. ತೆಳ್ಳಗೆ, ಇಸ್ತ್ರಿ ಮಾಡಿದ ಮನುಷ್ಯ. ಒಬ್ಬರೇ ಬಂದಿದ್ದರು, ಬಂಗಲೆ ಬೀದಿಯ ಸರ್ಕಾರಿ ಮನೆಯಲ್ಲಿ ಒಬ್ಬರೇ ಇದ್ದರು. ಬಂದ ಹೊಸದರಲ್ಲಿ ಯಾರ ತಂಟೆಗೂ ಹೋಗಲಿಲ್ಲ. ಆಮೇಲೆ ಅದೇನಾಯಿತೋ, ಮಣೆಯ ಹೆಸರೆತ್ತಿದರೆ ಕೆಂಡವಾಗತೊಡಗಿದರು. ಇಡೀ ಊರು ಕೆಲಸ ತಪ್ಪಿಸಲು ಮಾಡಿಕೊಂಡ ಒಳಒಪ್ಪಂದ ಇದು ಎಂದು ಸಭೆಯಲ್ಲಿ ಹೇಳಿದರಂತೆ. ಪುರಸಭೆಯ ಬಾಗಿಲಲ್ಲಿದ್ದ ಮಣೆಯನ್ನು ಉಗ್ರಾಣಕ್ಕೆ ಹಾಕಿಸಿದರು. ನಮ್ಮವರು ಅದನ್ನೂ ನುಂಗಿಕೊಂಡರು. ನಮ್ಮವರ ಈ ನುಂಗಿಕೊಳ್ಳುವ ಗುಣವೇ ನನಗೆ ಆಗಿಬರುವುದಿಲ್ಲ.

ಒಂದು ಬೆಳಿಗ್ಗೆ ಬಂಗಲೆ ಬೀದಿಗೆ ನೀರು ಬರಲಿಲ್ಲ. ಅದೇ ದಿನ ಸಾಹೇಬರನ್ನು ನೋಡಲು ಜಿಲ್ಲೆಯಿಂದ ಇನ್ನೂ ದೊಡ್ಡ ಸಾಹೇಬರು ಬರುವವರಿದ್ದರು. ಇವರು ಮೈಗೆಲ್ಲ ಸೋಪು ಹಚ್ಚಿಕೊಂಡು ನಲ್ಲಿ ತಿರುಗಿಸಿದರೆ, ಅದು ಎರಡು ಸಲ ಕೆಮ್ಮಿ ಸುಮ್ಮನಾಯಿತು. ಹಂಡೆಯಲ್ಲಿ ನೀರು ಉಳಿಸಿಕೊಳ್ಳಬೇಕೆಂದು ಅವರಿಗೆ ಯಾರೂ ಹೇಳಿರಲಿಲ್ಲ. ಪಕ್ಕದ ಮನೆಗೆ ಹೋಗಿ ಒಂದು ಬಿಂದಿಗೆ ಕೇಳುವುದು ಅವರಿಂದ ಆಗುವ ಮಾತಲ್ಲ. ಕಿವಿಯ ಹಿಂದೆ ಸೋಪಿನ ನೊರೆ ಒಣಗಿಸಿಕೊಂಡೇ ಕಚೇರಿಗೆ ಹೋದರು. ದೊಡ್ಡ ಸಾಹೇಬರು ಅದನ್ನು ನೋಡಿ ನಕ್ಕರಂತೆ. ಊರಿಗೆ ಊರೇ ನಕ್ಕಿದ್ದು ನಿಜ, ನಾನೂ ನಕ್ಕೆ.

ಮರುದಿನ ಪುರಸಭೆಯ ಸಭಾಂಗಣದಲ್ಲಿ ಎಲ್ಲ ನೌಕರರ ಮುಂದೆ ಹಾಲಮ್ಮನನ್ನು ನಿಲ್ಲಿಸಿದರು. ಸಂಬಂಧಿಕನೆಂದು ನನಗೂ ಹೇಳಿಕಳಿಸಿದ್ದರಿಂದ ನಾನು ಹಿಂದೆ ನಿಂತಿದ್ದೆ. ಸಾಹೇಬರು ಕೂಗಾಡಲಿಲ್ಲ. ಮೆತ್ತಗಿನ ದನಿಯಲ್ಲಿ, ಎಲ್ಲರಿಗೂ ಕೇಳಿಸುವ ಹಾಗೆ, "ನಿನ್ನೆ ಬೆಳಿಗ್ಗೆ ಎಲ್ಲಿ ಹೋಗಿದ್ದೆಯಮ್ಮಾ?" ಎಂದು ಕೇಳಿದರು. ಬಹಳ ಜನ ನೆಲ ನೋಡಿದರು. ಆ ಪ್ರಶ್ನೆಯನ್ನು ನಮ್ಮ ಊರಿನಲ್ಲಿ ಒಬ್ಬರು ಇನ್ನೊಬ್ಬರಿಗೆ ಬಾಯಿಬಿಟ್ಟು ಕೇಳಿದ್ದನ್ನು ನಾನು ಅದೇ ಮೊದಲು ಕೇಳಿದ್ದು. ಸಾಹೇಬರು ಅಲ್ಲಿಗೇ ಬಿಡಲಿಲ್ಲ. ಯಾರ ಮನೆಯೆಂದು ಹೇಳಿದರೆ ಆ ಮನೆಯವರನ್ನು ಕರೆಸಿ ಕೇಳಿ, ನಿಜವಾಗಿದ್ದರೆ ಈ ಸಲ ಬಿಟ್ಟುಬಿಡುತ್ತೇನೆ ಎಂದರು. ಬಿಟ್ಟುಬಿಡುತ್ತಾರಂತೆ. ಮನೆಯವರನ್ನು ಕರೆಸುತ್ತಾರಂತೆ. ಅವಳು ಸೆರಗನ್ನು ಬಿಗಿಯಾಗಿ ಹಿಡಿದುಕೊಂಡು, "ನಾನೇ ಹೇಳಿದ್ರೆ ನಾಳೆ ಅವ್ರು ಯಾರ್ಗೆ ಬಾಗ್ಲು ತೆಗೀತಾರೆ ಸಾರ್?" ಎಂದಳು.

ಅಷ್ಟಕ್ಕೆ ಅವರು ಇಂಗ್ಲಿಷಿಗೆ ತಿರುಗಿದರು. ಇದು ಅಬೆರಂಟ್ ನಡತೆ ಎಂದರು. ಆ ಪದವನ್ನು ಮತ್ತೆ ಮತ್ತೆ ಹೇಳಿದರು, ಹೇಳಿದಂತೆಲ್ಲ ಅವರಿಗೆ ಧೈರ್ಯ ಬರುವಂತಿತ್ತು. ಹಾಲಮ್ಮ ತನ್ನ ಕೀಲಿಯನ್ನು ಒಪ್ಪಿಸಬೇಕು, ಹೊರಗಿನಿಂದ ಬೇರೆ ಆಳು ಬರುತ್ತಾನೆ. ಇನ್ನು ಮುಂದೆ ಕೆಲಸದ ಹೊತ್ತಿನಲ್ಲಿ ಹಾದಿ ತಿರುಗಿದವರ ಮನೆಯ ಬಾಗಿಲಿಗೂ ಅವರನ್ನು ಕೂರಿಸಿಕೊಂಡವರ ಬಾಗಿಲಿಗೂ ಆ ಪದ ಬರೆದ ತಗಡು ಹೊಡೆಯಲಾಗುತ್ತದೆ. ಮೊದಲ ತಗಡು ಅವಳದೇ. ಕೀಲಿಯನ್ನು ಗೋಡೆಗೆ ಒರಗಿಸುವಾಗ ಅದು ಜಾರಿ ಬಿತ್ತು. ಅವಳು ಬಗ್ಗಿ ಎತ್ತಿ ಮತ್ತೆ ಒರಗಿಸಿ, ಎರಡು ಕೈಯನ್ನೂ ಹಾಗೇ ಜೋತುಬಿಟ್ಟುಕೊಂಡು ಮನೆಗೆ ನಡೆದಳು.

ಊರಿನಲ್ಲಿ ಬೋರ್ಡು ಬರೆಯುವವನು ನಾನೊಬ್ಬನೇ. ಆದ್ದರಿಂದ ಅವರ ಜವಾನ ತಗಡು ಮತ್ತು ಪದ ಬರೆದ ಚೀಟಿ ಹಿಡಿದು ನನ್ನ ಅಂಗಡಿಗೇ ಬಂದ. ಅವನಿಗೂ ನಾಚಿಕೆಯಾಗಿತ್ತು, ತಗಡನ್ನು ಬಾಗಿಲಲ್ಲೇ ಇಟ್ಟು ಓಡಿದ. ಅರ್ಥ ಗೊತ್ತಿಲ್ಲದ್ದನ್ನು ನಾನು ಬರೆಯುವುದಿಲ್ಲ. ಅರ್ಥ ತಿಳಿದರೆ ಅಕ್ಷರಕ್ಕೆ ಎಷ್ಟು ಮೈ ಕೊಡಬೇಕೆಂದು ಕೈಗೆ ಗೊತ್ತಾಗುತ್ತದೆ. ಹಾಗಾಗಿ ಚೀಟಿಯನ್ನು ಜೇಬಿಗೆ ತುರುಕಿಕೊಂಡು, ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುವ ಫಿಲೋಮಿನಾ ಟೀಚರ್ ಮನೆಗೆ ಹೋದೆ. ಪುಣ್ಯಕ್ಕೆ ಕಾಲು ನೇರವಾಗಿ ಅಲ್ಲಿಗೇ ಒಯ್ದಿತು.

ಟೀಚರ್ ಚೀಟಿ ನೋಡಿ ಕನ್ನಡಕ ತೆಗೆದರು, ಒರೆಸಿ ಮತ್ತೆ ಹಾಕಿಕೊಂಡರು. ಬೈಗುಳವೇ ಎಂದು ಕೇಳಿದೆ. ದಪ್ಪನೆಯ ನಿಘಂಟು ಇಳಿಸಿ ಮಡಿಲಲ್ಲಿಟ್ಟುಕೊಂಡು ಹೇಳಿದರು: "ಮೂಲದಲ್ಲಿ ಬೈಗುಳ ಅಲ್ಲ ಓಬಳೇಶ್. ಇದು ಲ್ಯಾಟಿನ್ನಿಂದ ಬಂದಿದ್ದು. ಅಬ್ ಅಂದ್ರೆ ದೂರ, ಎರಾರೆ ಅಂದ್ರೆ ಅಲೆಯೋದು. ಹೋಗಬೇಕಾದ ದಾರಿ ಬಿಟ್ಟು ಅಲೀತಾ ದೂರ ಹೋದದ್ದು. ಅಷ್ಟೇ." ಹಾಗಾದರೆ ಹಾದಿ ತಿರುಗಿದವರು ಎಂದೇ ಅರ್ಥವಲ್ಲವೇ ಎಂದೆ. ಹೌದು, ಆದರೆ ಲ್ಯಾಟಿನ್ ಜನ ತಪ್ಪು ಮಾಡುವುದಕ್ಕೂ ಆ ಅಲೆಯುವ ಮಾತನ್ನೇ ಬಳಸುತ್ತಿದ್ದರು ಎಂದರು. ಇಂಗ್ಲಿಷಿನವರು ಅದನ್ನು ತನ್ನ ಜಾತಿಯ ಹಾಗೆ ಬೆಳೆಯದ ಗಿಡಕ್ಕೆ, ಪ್ರಾಣಿಗೆ ಅಂಟಿಸಿದರಂತೆ, ಮನುಷ್ಯರಿಗೂ ಅಂಟಿಸಿದರಂತೆ. ನನಗೆ ಅಲ್ಲೇ ಸಿಟ್ಟು ನೆತ್ತಿಗೇರಿತು. ಅಲೆಯುವುದನ್ನೂ ತಪ್ಪು ಮಾಡುವುದನ್ನೂ ಒಂದೇ ಪಾತ್ರೆಯಲ್ಲಿ ಬೇಯಿಸಲು ಆ ಜನಕ್ಕೆ ಯಾರು ಹೇಳಿದರು? ಆ ದೇಶದಲ್ಲಿ ಮಣೆ ಇರಲಿಲ್ಲವೇನೋ ಎಂದೆ. ಟೀಚರ್ ನಗಲಿಲ್ಲ. ಇರಲಿಲ್ಲವೆಂದೇ ಕಾಣುತ್ತದೆ ಎಂದರು.

ಆಮೇಲೆ ಅವರು ಇನ್ನೊಂದು ಸಂಗತಿ ಹೇಳಿದರು. ನಕ್ಷತ್ರ ನೋಡುವವರಿಗೂ ಇದೇ ಬೇರಿನ ಪದ ಬೇಕಂತೆ. ನಕ್ಷತ್ರ ಇರಬೇಕಾದ ಜಾಗದಿಂದ ಒಂದಿಷ್ಟು ಜರುಗಿದಂತೆ ಕಾಣುತ್ತದಂತೆ. ನಿಜವಾಗಿ ನಕ್ಷತ್ರ ಜರುಗಿರುವುದಿಲ್ಲ, ನೋಡುವವನು ನಿಂತ ಭೂಮಿ ಓಡುತ್ತಿರುತ್ತದೆ; ಅದಕ್ಕೆ ದುರ್ಬೀನನ್ನು ಸ್ವಲ್ಪ ವಾಲಿಸಿ ಹಿಡಿಯಬೇಕಂತೆ. ಇದನ್ನು ಕೇಳಿ ನನಗೆ ಒಳ್ಳೆಯದೇ ಅನ್ನಿಸಿತು, ಆದರೆ ಅದರಿಂದ ಹಾಲಮ್ಮನ ಕೀಲಿ ವಾಪಸು ಬರುವುದಿಲ್ಲವಲ್ಲ. ಸಾಹೇಬರಿಗೆ ಹೋಗಿ ಹೇಳುತ್ತೀರಾ ಎಂದು ಕೇಳಿದೆ. ಅವರಿಗೆ ಇದೆಲ್ಲ ಗೊತ್ತು, ಅವರು ಓದಿದವರು, ಗೊತ್ತಿದ್ದೇ ಆರಿಸಿಕೊಂಡಿದ್ದಾರೆ ಎಂದರು ಟೀಚರ್. ಗೊತ್ತಿಲ್ಲದೆ ಮಾಡಿದ್ದರೆ ನಾನು ಇಷ್ಟು ಉರಿದುಕೊಳ್ಳುತ್ತಿರಲಿಲ್ಲ.

ಮನೆಗೆ ಬಂದು ತಗಡನ್ನು ಒಲೆಯ ಕಟ್ಟಿಗೆಯ ಹಿಂದೆ ಎಸೆದೆ. ಬರೆಯುವುದಿಲ್ಲ, ಬೇಕಾದರೆ ನನ್ನನ್ನೂ ಜೈಲಿಗೆ ಹಾಕಲಿ ಎಂದೆ. ಹಾಲಮ್ಮ ಅದನ್ನು ಹೊರಗೆಳೆದು, ಸೆರಗಿನಿಂದ ಬೂದಿ ಒರೆಸಿ, ನನ್ನ ಮುಂದೆ ಇಟ್ಟಳು. "ಬರಿ ಅಣ್ಣ. ನೀನು ಬರೀದಿದ್ರೆ ಬೇರೆ ಊರಿಂದ ಯಾರೋ ಬಂದು ಸೊಟ್ಟಸೊಟ್ಟಗೆ ಗೀಚ್ತಾನೆ. ಕೆಟ್ಟ ಅಕ್ಷರ ನಮ್ಮ ಬಾಗ್ಲ ಮೇಲೆ ಬ್ಯಾಡ." ಅವಳು ಹಟಕ್ಕೆ ಬಿದ್ದರೆ ನನ್ನ ಆಟ ನಡೆಯುವುದಿಲ್ಲ. ಕೂತು ಬರೆದೆ. ಕಡುನೀಲಿ ನೆಲ, ಹಳದಿ ಅಕ್ಷರ, ಅಂಚಿಗೆ ಬಿಳಿಯ ಎಳೆ, ಕೆಳಗೆ ನೆರಳು. ಬಣ್ಣದ ಮೇಲೆ ಬಣ್ಣ ಒಣಗಿಸಿ ಬರೆದೆ. ನನ್ನ ಕೈಯಿಂದ ಅಷ್ಟು ಚೆಂದದ ಅಕ್ಷರ ಅದಕ್ಕೆ ಮೊದಲು ಬಂದಿರಲಿಲ್ಲ, ಆಮೇಲೂ ಬಂದಿಲ್ಲ.

ಜವಾನ ನಮ್ಮದೇ ಸುತ್ತಿಗೆ ಇಸಿದುಕೊಂಡು ತಗಡನ್ನು ನಮ್ಮದೇ ಬಾಗಿಲಿಗೆ ಹೊಡೆದ. ಜನ ನಿಂತು ನೋಡಿದರು. ಮದುವೆ ಮನೆಯವರೊಬ್ಬರು ಬಂದು ಚಪ್ಪರದ ಬೋರ್ಡಿಗೆ ಇಂಥದೇ ಅಕ್ಷರ ಬೇಕು ಎಂದರು. ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಆದರೆ ಅಕ್ಷರ ಎಷ್ಟು ಚೆಂದವಿದ್ದರೇನು, ಅದು ಮಾಡಬೇಕಾದ ಕೆಲಸ ಮಾಡಿತು. ಜನ ಹೆದರಿದರು. ಕೆಲಸದ ಹೊತ್ತಿನಲ್ಲಿ ಹಾದಿ ತಿರುಗಿದವರನ್ನು ಕೂರಿಸಿಕೊಂಡರೆ ನಮ್ಮ ಬಾಗಿಲಿಗೂ ತಗಡು ಬೀಳುತ್ತದೆಂದು ಒಬ್ಬೊಬ್ಬರಾಗಿ ಮಣೆಯನ್ನು ಒಳಗೆ ಎಳೆದುಕೊಂಡರು. ಒಂದು ಮಧ್ಯಾಹ್ನ ನನ್ನ ಎದುರಿನ ದಿನಸಿ ಅಂಗಡಿಯ ಮುಂದೆ ಬಸುರಿ ಹೆಂಗಸೊಬ್ಬಳು ಹಾದಿ ತಿರುಗಿ ಬಂದು ನಿಂತಳು. ಅಂಗಡಿಯವನು ಅವಳನ್ನು ನೋಡಿಯೂ ಅರ್ಧ ಬಾಗಿಲು ಹಾಕಿಕೊಂಡ. ಅವಳು ಬಿಸಿಲಿನಲ್ಲಿ ನಿಂತೇ ಇದ್ದಳು. ಬೇರೆಯವರ ಬಾಗಿಲಿಗೆ ಬಂದವರನ್ನು ನಾವು ಕರೆಯುವ ಹಾಗಿಲ್ಲ, ಕರೆದರೂ ಕಾಲು ಬರುವುದಿಲ್ಲ. ಹಾಲಮ್ಮ ನೀರು ಒಯ್ದು ಕುಡಿಸಿ ತಲೆಯ ಮೇಲೆ ಛತ್ರಿ ಹಿಡಿದು ನಿಂತಳು. ಬಾಗಿಲು ಹಾಕಿದ್ದ ಆ ಅಂಗಡಿಯವನ ಬೋರ್ಡನ್ನು ನಾನು ಇನ್ನು ಮುಟ್ಟುವುದಿಲ್ಲ.

ಹಾಲಮ್ಮನ ಕೈಗಳದ್ದೇ ದೊಡ್ಡ ಸಂಕಟವಾಯಿತು. ಬೆಳಗಾದರೆ ಎದ್ದು ತಲೆ ಬಾಚಿ ಬಾಗಿಲಿಗೆ ಬರುತ್ತಿದ್ದಳು, ಹೆಗಲು ಮುಟ್ಟಿ ನೋಡಿಕೊಂಡು ಒಳಗೆ ಹೋಗುತ್ತಿದ್ದಳು. ಹೊರಗಿನಿಂದ ಬಂದ ಆಳು ಗಡಿಯಾರ ನೋಡಿಕೊಂಡು ನೀರು ಬಿಡುತ್ತಿದ್ದ. ನೀರೇನೋ ಬರುತ್ತಿತ್ತು. ಆದರೆ ಯಾರ ಮನೆಯಲ್ಲಿ ಬಾಣಂತಿ ಇದ್ದಾಳೆ, ಯಾವ ಓಣಿಯ ಕೊನೆಗೆ ನೀರು ಏರಲು ಹೊತ್ತು ಬೇಕು ಎಂಬುದು ಅವನಿಗೆ ಬೇಕಿರಲಿಲ್ಲ. ಹಾಲಮ್ಮ ಅದನ್ನು ಕೇಳಿ ಒಗೆದ ಬಟ್ಟೆಯನ್ನೇ ಮತ್ತೆ ಒಗೆಯುತ್ತಿದ್ದಳು.

ಆ ದಿನಗಳಲ್ಲೇ ಬಳೆ ಮಾರುವ ಜೈಬೂನ್ ಬೀ ಬಂದಳು. ಅವಳ ಅಂಗಡಿ ಬೋರ್ಡಿನ ಮೂಲೆ ತುಕ್ಕು ಹಿಡಿದಿತ್ತು. ತಲೆಯೆತ್ತಿ ತಗಡನ್ನು ನೋಡಿದಳು. ಆಮೇಲೆ, ಇದರಲ್ಲಿ ನಮ್ಮದೂ ಪಾಲಿದೆ ಎಂದಳು. ಸಾಹೇಬರಿಗೆ ಬಂದ ಒಂದಷ್ಟು ಕಾಲಕ್ಕೇ ಹಾದಿ ತಿರುಗಿತ್ತಂತೆ. ಅವಳ ಅಂಗಡಿಯ ಮುಂದೆ ಬಂದು, ಏನು ಮಾಡಬೇಕೆಂದು ತಿಳಿಯದೆ, ಕಳೆದುಹೋದವರ ಹಾಗೆ ನಿಂತರಂತೆ. "ನಾನು ಹೆದ್ರಿಬಿಟ್ಟೆ ಓಬಳೇಶಣ್ಣ. ಆಫೀಸರ್ ಅಲ್ವಾ, ಮಣೆ ಮ್ಯಾಲೆ ಹೆಂಗೆ ಕೂರ್ಸೋದು ಅಂತ ಪಕ್ಕದ ಅಂಗ್ಡಿಯಿಂದ ಕುರ್ಚಿ ತರ್ಸಿದೆ. ಕೈ ಮುಗ್ದು ನಿಂತ್ಕೊಂಡು, ಏನಾಗ್ಬೇಕಿತ್ತು ಸಾರ್ ಅಂತ ಕೇಳ್ಬಿಟ್ಟೆ. ಮುಖ ಕೆಂಪಗಾಯ್ತು, ಎದ್ದು ಹೋದ್ರು." ಅದನ್ನು ನೀನು ಹೇಳಬಾರದಲ್ಲ ಎಂದು ನಾನು ಗದರಿದೆ. ಮಣೆ ಹಾಕಿದ್ದರೆ ಹೇಳುತ್ತಿರಲಿಲ್ಲ, ಕುರ್ಚಿಗೆ ಆ ಕಟ್ಟಳೆ ಇಲ್ಲವಲ್ಲ ಎಂದಳು. ಅದೂ ಸರಿಯೇ. ಮುಂದೆ ಅವರ ಕಾಲು ಹೋದ ಬಾಗಿಲಿನಲ್ಲೆಲ್ಲ ಕುರ್ಚಿಯೇ ಸಿಕ್ಕಿತೆಂದು ಬೇರೆಯವರೂ ಅವಳಿಗೆ ಹೇಳಿದ್ದರಂತೆ. ಎಲ್ಲರೂ ಎದ್ದು ನಿಂತರು, ಎಲ್ಲರೂ ಏನಾಗಬೇಕಿತ್ತು ಎಂದರು, ಕೆಲವರು ಅರ್ಜಿಯನ್ನೂ ಕೈಗೆ ಕೊಟ್ಟರು. ಒಬ್ಬರೂ ಅವರ ಕೈಗೆ ಅಕ್ಕಿಯ ಮೊರ ಕೊಡಲಿಲ್ಲ.

ಇದನ್ನು ಕೇಳಿ ನನ್ನ ಸಿಟ್ಟು ಇಳಿಯಿತೆಂದು ನೀವು ಅಂದುಕೊಂಡರೆ ತಪ್ಪು. ತನಗೆ ಮಣೆ ಸಿಗಲಿಲ್ಲವೆಂದು ಊರಿನ ಮಣೆಯನ್ನೆಲ್ಲ ಎತ್ತಿಸುವುದು ಯಾವ ನ್ಯಾಯ? ಕುರ್ಚಿ ಕೊಟ್ಟವರು ನಾವು, ಒಪ್ಪಿದೆ. ಕುರ್ಚಿ ಬೇಡ ಎನ್ನಲು ಅವರಿಗೆ ಬಾಯಿರಲಿಲ್ಲವೇ? ಹಾಲಮ್ಮನಿಗೆ ಇದನ್ನೆಲ್ಲ ಹೇಳಿದೆ. ಅವಳು ಬಟ್ಟೆ ಹಿಂಡುವುದನ್ನು ನಿಲ್ಲಿಸಿ ಕೇಳಿದಳು, ಮತ್ತೆ ಹಿಂಡಿದಳು.

ಇನ್ನು ಹೇಳುವುದು ಕಟ್ಟಳೆಗೆ ವಿರುದ್ಧ. ಅದಕ್ಕೇ ನಾನು ಊರಿನ ಹೆಸರು ಹೇಳಿಲ್ಲ, ಅವರ ಹೆಸರೂ ಹೇಳಿಲ್ಲ. ಅವರನ್ನು ನೀವು ಎಲ್ಲಿ ನೋಡಿದರೂ ಗುರುತು ಹಿಡಿಯಲಾರಿರಿ. ಒಂದು ಮಧ್ಯಾಹ್ನ ಊಟವಾದ ಮೇಲೆ ನಾನು ಚಪ್ಪರದ ಬೋರ್ಡಿಗೆ ಗೆರೆ ಎಳೆಯುತ್ತಿದ್ದೆ. ಬಾಗಿಲಲ್ಲಿ ನೆರಳು ಬಿತ್ತು. ಸಾಹೇಬರು. ಜೀಪಿಲ್ಲ, ಜವಾನನಿಲ್ಲ, ಕಾಲಿನ ಒಂದು ಬೂಟಿನ ದಾರ ಬಿಚ್ಚಿಕೊಂಡಿತ್ತು. ತಾವೇ ಹೊಡೆಸಿದ ತಗಡಿನ ಕೆಳಗೆ ನಿಂತಿದ್ದರು. ಕಾಲನ್ನು ಹಿಂದಕ್ಕೆ ಎತ್ತಲು ನೋಡಿದರು, ಆಗಲಿಲ್ಲ. ಆ ಮುಖ ನಮಗೆಲ್ಲ ಗೊತ್ತು. ಹಾದಿ ತಿರುಗಿದವರಿಗೆಲ್ಲ ಒಂದೇ ಮುಖ.

ನನಗೆ ಆ ಗಳಿಗೆಯಲ್ಲಿ ಹೊಳೆದದ್ದನ್ನು ಮುಚ್ಚಿಡುವುದಿಲ್ಲ. ಗಿರಾಕಿಗಳಿಗೆಂದು ಇಟ್ಟ ಪ್ಲಾಸ್ಟಿಕ್ ಕುರ್ಚಿ ಮೂಲೆಯಲ್ಲಿತ್ತು. ಮಣೆ ಕೊಟ್ಟರೆ ನಾನು ಬಾಯಿ ಮುಚ್ಚಬೇಕು. ಕುರ್ಚಿ ಕೊಟ್ಟರೆ ಎಲ್ಲವನ್ನೂ ಕೇಳಬಹುದು: ಕೀಲಿ ಯಾವಾಗ ಕೊಡುತ್ತೀರಿ, ಆ ಪದದ ಅರ್ಥ ಗೊತ್ತಿದ್ದೂ ಯಾಕೆ ಬರೆಸಿದಿರಿ, ಆ ಬಸುರಿ ಹೆಂಗಸು ಬಿಸಿಲಲ್ಲಿ ನಿಂತದ್ದು ನಿಮಗೆ ಗೊತ್ತೇ. ಕೊನೆಗೆ, ನೀವು ಇಲ್ಲಿಗೆ ಯಾಕೆ ಬಂದಿರಿ. ಇಂಥ ಅವಕಾಶ ಮತ್ತೆ ಸಿಗುವುದಿಲ್ಲ. ಕುರ್ಚಿಯ ಬೆನ್ನು ಹಿಡಿದು ಎಳೆದೆ. ಅದರ ಸದ್ದಿಗೆ ಸಾಹೇಬರ ಭುಜ ಕುಸಿಯಿತು. ಅವರು ಅಭ್ಯಾಸದಂತೆ ಜೇಬಿನಿಂದ ಪೆನ್ನು ತೆಗೆದರು, ಅರ್ಜಿ ಏನಾದರೂ ಕೊಡುತ್ತೇವೇನೋ ಎಂಬಂತೆ.

ಅಷ್ಟರಲ್ಲಿ ಒಳಗಿನಿಂದ ಹಾಲಮ್ಮ ಬಂದಳು. ನನ್ನನ್ನೂ ಕುರ್ಚಿಯನ್ನೂ ನೋಡಿದಳು. ಕೀಲಿ ಹೋದದ್ದು ಅವಳದು, ಕೆಲಸ ಹೋದದ್ದು ಅವಳದು, ಕೇಳುವ ಹಕ್ಕೂ ಅವಳದೇ. ಅದನ್ನು ನಾನು ಅವಳ ಪರವಾಗಿಯೇ ಕೈಯಲ್ಲಿ ಹಿಡಿದಿದ್ದೆ. ಅವಳು ಬಗ್ಗಿ, ಬಾಗಿಲ ಬಳಿಯ ಮಣೆಯನ್ನು ಎಳೆದು, ಅಂಗೈಯಿಂದ ಧೂಳು ಒರೆಸಿ ಅವರ ಮುಂದೆ ಇಟ್ಟಳು. "ಕೂತ್ಕಳ್ಳಿ" ಎಂದಳು. ಸಾರ್ ಎನ್ನಲಿಲ್ಲ. ನಾನು ಹಲ್ಲು ಕಚ್ಚಿಕೊಂಡು ಕುರ್ಚಿಯನ್ನು ಮೂಲೆಗೆ ತಳ್ಳಿದೆ.

ಅವರಿಗೆ ಮಣೆಯ ಮೇಲೆ ಕೂರಲು ಬರುತ್ತಿರಲಿಲ್ಲ. ಮಂಡಿ ಮಡಿಸಿದರು, ಬಿಚ್ಚಿದರು, ಕೊನೆಗೆ ಗೋಡೆಗೆ ಕೈ ಕೊಟ್ಟು ಹೇಗೋ ಕೂತರು. ಹಾಲಮ್ಮ ಲೋಟದಲ್ಲಿ ನೀರು ತಂದುಕೊಟ್ಟಳು. ಅದನ್ನು ಒಂದೇ ಗುಟುಕಿಗೆ ಕುಡಿದು ಲೋಟವನ್ನು ಎಲ್ಲಿ ಇಡಬೇಕೆಂದು ತಿಳಿಯದೆ ಹಿಡಿದುಕೊಂಡರು. ಇನ್ನು ಕೈಗೆ ಕೆಲಸ ಕೊಡಬೇಕು. ಉಜ್ಜಬೇಕಾದ ಹಳೆಯ ಬೋರ್ಡುಗಳು ಗೋಡೆಗೆ ಒರಗಿದ್ದವು, ಸಾಕಷ್ಟಿದ್ದವು. ಹಾಲಮ್ಮ ಅವುಗಳ ಕಡೆ ತಿರುಗಿಯೂ ನೋಡಲಿಲ್ಲ. ಇಕ್ಕಳ ತೆಗೆದುಕೊಂಡು ಸ್ಟೂಲು ಹತ್ತಿ, ಬಾಗಿಲ ಮೇಲಿನ ಮೊಳೆಗಳನ್ನು ಕಿತ್ತು, ತಗಡನ್ನು ಇಳಿಸಿದಳು. ಅದನ್ನೂ ಒಂದು ಹಾಳೆ ಉಪ್ಪುಕಾಗದವನ್ನೂ ಅವರ ಮಡಿಲಿಗಿಟ್ಟಳು.

ಸಾಹೇಬರು ಆ ಪದವನ್ನು ನೋಡಿದರು. ನನ್ನನ್ನು ನೋಡಿದರು. ನಾನು ಗೆರೆ ಎಳೆಯುವುದರಲ್ಲಿ ಮುಳುಗಿದವನಂತೆ ನಟಿಸಿದೆ. ಆಮೇಲೆ ಸರಸರ ಸದ್ದು ಶುರುವಾಯಿತು. ಮೊದಲು ಹಾಗೇ ಮೇಲೆ ಮೇಲೆ, ಆಮೇಲೆ ಒತ್ತಿ. ನನ್ನ ಬಣ್ಣ ಸುಲಭಕ್ಕೆ ಬಿಡುವಂಥದ್ದಲ್ಲ. ಬಿಳಿಯ ಎಳೆ ಹೋಯಿತು, ಹಳದಿ ಪುಡಿ ಅವರ ಇಸ್ತ್ರಿಯ ಪ್ಯಾಂಟಿನ ಮೇಲೆ ಉದುರಿತು. ನಡುವೆ ಹಾಲಮ್ಮ ಹೊಸ ಹಾಳೆ ಕೊಟ್ಟಳು, ಮಡಚಿ ಹಿಡಿದುಕೊಳ್ಳುವುದು ಹೇಗೆಂದು ತೋರಿಸಿದಳು. ಅವರು ಹಾಗೇ ಹಿಡಿದರು. ಬಿಸಿಲು ಬೀದಿಯ ಆಚೆ ಬದಿಗೆ ಸರಿಯುವವರೆಗೂ ಉಜ್ಜಿದರು. ನನ್ನ ಜನ್ಮದ ಅತ್ಯುತ್ತಮ ಅಕ್ಷರಗಳು ಹೀಗೆ ನನ್ನ ಕಣ್ಣೆದುರೇ ಪುಡಿಯಾದವು. ಅದಕ್ಕೂ ನನಗೆ ಅವರ ಮೇಲೆ ಸಿಟ್ಟು ಬಂತು.

ಒಂದು ಮಾತು ಬರುತ್ತದೆಂದು ನಾನು ಕಾಯುತ್ತಿದ್ದೆ. ತಪ್ಪಾಯಿತು ಎನ್ನಲಿ, ಕೀಲಿ ಕೊಡುತ್ತೇನೆ ಎನ್ನಲಿ. ಮಣೆಯ ಮೇಲಿದ್ದವರನ್ನು ನಾವು ಕೇಳಬಾರದು, ಆದರೆ ಅವರಾಗಿ ಹೇಳಬಹುದಲ್ಲ. ತಗಡು ಬರಿದಾದಾಗ ಅದರ ಮೇಲೆ ಬೆರಳಾಡಿಸಿ ನುಣುಪು ನೋಡಿದರು, ಒಂದು ಕಡೆ ಒರಟಿದ್ದಲ್ಲಿ ಇನ್ನೊಮ್ಮೆ ಉಜ್ಜಿದರು. ಆಮೇಲೆ ಗೋಡೆ ಹಿಡಿದು ಎದ್ದರು. ಅವರ ಕಾಲು ಸರಿಹೋಗಿತ್ತು. ಬಾಗಿಲಲ್ಲಿ ಹೊರಕ್ಕೆ ಮುಖ ಮಾಡಿ ನಿಂತರು, ಹೋಗಲಿಲ್ಲ. ಏನನ್ನು ಕಾಯುತ್ತಿದ್ದಾರೆಂದು ನನಗೆ ತಡವಾಗಿ ಹೊಳೆಯಿತು. ನಾನು ಬೋರ್ಡಿನ ಕಡೆ ತಿರುಗಿ ಇನ್ನೊಂದು ಗೆರೆ ಎಳೆದೆ.

"ಬಾಗ್ಲು ತೆಗ್ದೇ ಇರ್ತದೆ" ಎಂದಳು ಹಾಲಮ್ಮ.

ಅವರು ಬೂಟಿನ ದಾರವನ್ನೂ ಕಟ್ಟಿಕೊಳ್ಳದೆ ಹೊರಟುಹೋದರು. ನಾನು ಅವಳ ಮೇಲೆ ಹರಿಹಾಯ್ದೆ. ಕೇಳುವ ಅವಕಾಶ ಕೈಗೆ ಬಂದಿದ್ದಾಗ ಮಣೆ ಹಾಕಿ ಕಳೆದುಕೊಂಡೆಯಲ್ಲ, ಇನ್ನು ಜೀವಮಾನವೆಲ್ಲ ಬಟ್ಟೆ ಒಗೆಯುತ್ತಿರು ಎಂದೆ. ಅವಳು ನೆಲದ ಮೇಲಿನ ಹಳದಿ ಪುಡಿಯನ್ನು ಗುಡಿಸುತ್ತ, "ಕುರ್ಚಿ ಮ್ಯಾಲೆ ಕೂತೋರು ಕೊಡೋ ಕೀಲಿ ನಂಗೆ ಬ್ಯಾಡ ಅಣ್ಣ" ಎಂದಳು.

ಮಾರನೆಯ ಬೆಳಿಗ್ಗೆ ಬಾಗಿಲು ತೆಗೆದರೆ ಕೀಲಿ ಗೋಡೆಗೆ ಒರಗಿ ನಿಂತಿತ್ತು. ಆದೇಶವಿಲ್ಲ, ಚೀಟಿಯಿಲ್ಲ. ಹೊರಗಿನ ಆಳು ಬರಲಿಲ್ಲ. ಮುಂದೆ ಯಾರ ಬಾಗಿಲಿಗೂ ತಗಡು ಬೀಳಲಿಲ್ಲ, ಒಂದೊಂದಾಗಿ ಮಣೆಗಳು ತಮ್ಮ ಜಾಗಕ್ಕೆ ಬಂದವು, ಪುರಸಭೆಯದೂ ಬಂತು. ಸಾಹೇಬರು ಎಲ್ಲರ ಮುಂದೆ ಅವಳನ್ನು ನಿಲ್ಲಿಸಿ ಕೇಳಿದ್ದರು, ಎಲ್ಲರ ಮುಂದೆ ತಪ್ಪೊಪ್ಪಿಕೊಳ್ಳಲಿಲ್ಲ. ಆ ಸಿಟ್ಟು ನನ್ನಲ್ಲಿ ಇನ್ನೂ ಇದೆ, ಅದನ್ನು ಉಜ್ಜುವ ಕಾಗದ ನನ್ನ ಅಂಗಡಿಯಲ್ಲಿಲ್ಲ.

ಹಾಲಮ್ಮ ಕೀಲಿಯನ್ನು ಎತ್ತಿ ತೂಗಿ ನೋಡಿ ಹೆಗಲಿಗೇರಿಸಿದಳು. ಬೀದಿಗಿಳಿದ ಕೂಡಲೇ ಆ ಹಳೆಯ ನಡಿಗೆ ತಾನಾಗಿ ಬಂತು. ಮೊದಲ ವಾಲ್ವು ನಮ್ಮ ಬೀದಿಯದೇ, ಇರುವುದು ಬಲಗಡೆ ತಿರುವಿನಲ್ಲಿ. ಅವಳು ತಿರುವಿನ ಹತ್ತಿರ ಹೋಗುತ್ತಿದ್ದಂತೆ ನಾನು ಬೇಕೆಂದೇ ಒಳಗೆ ಬಂದು ಗೆರೆ ಎಳೆಯಲು ಕೂತೆ. ಬಲಕ್ಕೆ ಹೊರಳಿದಳೋ ಎಡಕ್ಕೋ ನನಗೆ ಗೊತ್ತಿಲ್ಲ. ಆ ದಿನ ನಮ್ಮ ಬೀದಿಗೆ ನೀರು ತಡವಾಗಿ ಬಂತು.